ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರಿಗೆ ಯಾವ ಚೀಲ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿ ಬೆಳೆದದ್ದು ವಿಜಯಪುರ, ಕೆಲಸ ಬೆಳಗಾವಿ. ವಡಗಾವಿಯ ಮನೆಯಿಂದ ಉದ್ಯಮಬಾಗಕ್ಕೆ ದಿನಾ ಸೈಕಲ್ ಮೇಲೆ ಹೋಗಿ ಬರುತ್ತೇನೆ. ಸೈಕಲ್ ಬಗ್ಗೆ ಯಾರೂ ಅಷ್ಟಾಗಿ ಕೇಳುವುದಿಲ್ಲ. ಕೇಳುವುದೆಲ್ಲ ಅದರ ಬದಿಗೆ ತೂಗುವ ಚೀಲದ ಬಗ್ಗೆ. ಚಹಾದಂಗಡಿಯಲ್ಲಿ, ರಿಪೇರಿ ಅಂಗಡಿ ಮುಂದೆ, ಮೊಬೈಲಿಗೆ ಬರುವ ಸಂದೇಶಗಳಲ್ಲಿ, ಬಾಗಲಕೋಟೆಯ ನೆಂಟರ ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಈಗ ಶುರು ಮಾಡುವವರಿಗೆ

ನನ್ನ ಕಡೆ ಕಾಲೇಜಿನ ಬ್ಯಾಗ್ ಐತಿ. ಅದನ್ನ ಬೆನ್ನಿಗೆ ಹಾಕ್ಕೊಂಡು ಹೋದ್ರ ಸಾಲೂದಿಲ್ಲೇನು?

ಸಾಲುತ್ತದೆ. ಮೊದಲ ತಿಂಗಳು ಹೊಸದೇನೂ ಕೊಳ್ಳಬೇಡಿ. ನಿಮ್ಮ ದಾರಿ 3-4 ಕಿಲೋಮೀಟರ್ ಇದ್ದು, ಬ್ಯಾಗಿನ ತೂಕ 3 ಕೆಜಿ ಒಳಗಿದ್ದರೆ ಕೊನೆತನಕ ಅದೇ ನಡೆಯುತ್ತದೆ.

ಆದರೆ ಒಂದು ಸಲ ತುಂಬಿದ ಬ್ಯಾಗನ್ನು ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಟ್ಟು ನೋಡಿ. ಲ್ಯಾಪ್‌ಟಾಪ್ 2 ಕೆಜಿ, ಚಾರ್ಜರ್ ಅರ್ಧ ಕೆಜಿ, ಒಂದು ಲೀಟರ್ ನೀರು ಅಂದರೆ 1 ಕೆಜಿ, ಊಟದ ಡಬ್ಬಿ 1 ಕೆಜಿ, ಬೀಗದ ಚೈನು ಇನ್ನೊಂದು. ಅಲ್ಲಿಗೆ ಐದೂವರೆ ಆಯಿತು. ಈ ಭಾರ ಬೆನ್ನ ಮೇಲಿದ್ದರೆ ಭುಜಕ್ಕಷ್ಟೇ ನೋವಲ್ಲ. ಅದು ಸೊಂಟಕ್ಕೆ ಇಳಿಯುತ್ತದೆ, ಅಲ್ಲಿಂದ ಸೀಟಿಗೆ. ಮುಂದೆ ಬಾಗಿ ತುಳಿಯುವವರಿಗೆ ಮಣಿಕಟ್ಟಿಗೂ ಬರುತ್ತದೆ. ಭಾರ ಮೇಲೆ ಇದ್ದಷ್ಟೂ ತಿರುವಿನಲ್ಲಿ ಸೈಕಲ್ ಹೊಯ್ದಾಡುತ್ತದೆ. ಹೊರಲು ಎರಡು ಗಾಲಿ ಇರುವಾಗ ನಿಮ್ಮ ಬೆನ್ನು ಯಾಕೆ ಹೊರಬೇಕು ಅನ್ನುವುದು ನನ್ನ ವಾದ. ಮುಂದಿನ ಉತ್ತರಗಳೆಲ್ಲ ಈ ವಾದದ ಮೇಲೇ ನಿಂತಿವೆ, ಮೊದಲೇ ಹೇಳಿಬಿಡುತ್ತೇನೆ.

ಈ ಪ್ಯಾನಿಯರ್ ಪ್ಯಾನಿಯರ್ ಅಂತೀರಲ್ಲ, ಹಂಗಂದ್ರ ಏನ್ರಿ?

ಕ್ಯಾರಿಯರ್‌ನ ಬದಿಗೆ ಕೊಕ್ಕೆ ಹಾಕಿ ತೂಗುವ ಚೀಲ. ಮೋಟರ್‌ಸೈಕಲ್‌ನವರು ಸೈಡ್ ಬ್ಯಾಗ್ ಅನ್ನುತ್ತಾರೆ, ನಾನೂ ಇನ್ನು ಮುಂದೆ ಹಾಗೇ ಅನ್ನುತ್ತೇನೆ. ಹೊಸ ವಿಚಾರವೇನಲ್ಲ. ಹಿಂದೆ ಹೇರೆತ್ತಿನ ಬೆನ್ನ ಎರಡೂ ಬದಿಗೆ ಚೀಲ ಇಳಿಬಿಟ್ಟು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದರಲ್ಲ, ಅದೇ ಲೆಕ್ಕ. ಹಾಲು ಹಾಕುವವರು ಸೈಕಲ್ಲಿನ ಎರಡೂ ಕಡೆ ಕ್ಯಾನು ತೂಗುಹಾಕುವುದೂ ಅದೇ.

ಆ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದಕ್ಕೆ ಬ್ರೆಡ್ಡಿನ ಬುಟ್ಟಿ ಎಂದು ಅರ್ಥ. ಅಂದರೆ ರೊಟ್ಟಿ ಬುಟ್ಟಿ! ನಮ್ಮ ಕಡೆಯವರು ಈ ಚೀಲಕ್ಕೆ ಹೆದರಬೇಕಾಗಿಲ್ಲ.

ಹ್ಯಾಂಡಲ್‌ಗೆ ಪಿಶವಿ ತೂಗುಹಾಕಿದ್ರ ಏನ್ ತಪ್ಪು? ನಮ್ಮಪ್ಪ ಜೀವನಪೂರ್ತಿ ಹಂಗ ಮಾಡ್ಯಾನ.

ನಿಮ್ಮಪ್ಪನ ಪುಣ್ಯ ದೊಡ್ಡದು. ನನ್ನದು ಇರಲಿಲ್ಲ.

ಹೈಸ್ಕೂಲಿನಲ್ಲಿದ್ದಾಗ ವಿಜಯಪುರದಲ್ಲಿ ಗಿರಣಿಯಿಂದ 5 ಕೆಜಿ ಜೋಳದ ಹಿಟ್ಟು ತರುತ್ತಿದ್ದೆ. ಬಟ್ಟೆ ಚೀಲ, ಹ್ಯಾಂಡಲ್‌ಗೆ ತೂಗುಹಾಕಿದ್ದು. ಒಂದು ತಗ್ಗಿನಲ್ಲಿ ಚೀಲ ಓಲಾಡಿ ಮುಂದಿನ ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿತು. ಗಾಲಿ ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ ಹೋಗಿ ಬಿದ್ದೆ. ಮನೆಗೆ ಬಂದಾಗ ಬೆಳ್ಳಗಾದ ಮುಖ ನೋಡಿ ಅವ್ವ ಮೊದಲು ನಕ್ಕಳು, ಆಮೇಲೆ ಮೊಣಕಾಲಿನ ರಕ್ತ ನೋಡಿ ಬೈದಳು.

ಹಿಂದಿನ ಗಾಲಿಗೆ ಏನಾದರೂ ಸಿಕ್ಕರೆ ಸೈಕಲ್ ಎಳೆದು ನಿಲ್ಲುತ್ತದೆ. ಮುಂದಿನ ಗಾಲಿಗೆ ಸಿಕ್ಕರೆ ನಿಮ್ಮನ್ನು ಎಸೆಯುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಹಲ್ಲು ಹೋಗುವಷ್ಟು. ಕೊತ್ತಂಬರಿ ಕಟ್ಟು ತರಲಿಕ್ಕೂ ಹ್ಯಾಂಡಲ್ ಬೇಡ.

ಒಂದ ಹೆಗಲಿಗೆ ಹಾಕೋ ಬ್ಯಾಗ್ ನಡೀತದೇನು? ಆಫೀಸಿಗೆ ಅದು ಚಂದ ಕಾಣ್ತದ.

ತುಳಿಯುವಾಗ ಅದು ಜಾರಿ ಹೊಟ್ಟೆ ಮುಂದೆ ಬರುತ್ತದೆ, ಮೊಣಕಾಲಿಗೆ ಬಡಿಯುತ್ತದೆ. ಸೊಂಟಕ್ಕೆ ಕಟ್ಟುವ ಇನ್ನೊಂದು ಪಟ್ಟಿ ಇದ್ದರೆ ಮಾತ್ರ ನೋಡಿ. ಇಲ್ಲವಾದರೆ ಅದನ್ನು ಹಾಗೇ ಒಯ್ದು ಕ್ಯಾರಿಯರ್ ಮೇಲೆ ಕಟ್ಟಿ, ಆಫೀಸಿನ ಗೇಟಿನಲ್ಲಿ ಹೆಗಲಿಗೆ ಹಾಕಿಕೊಳ್ಳಿ. ಚಂದವೂ ಉಳಿಯಿತು.

ಎಷ್ಟು ಲೀಟರಿನ ಚೀಲ ತಗೋಬೇಕು? ಬ್ಯಾಗಿಗೂ ಲೀಟರ್ ಲೆಕ್ಕ ಯಾಕೆ?

ಒಳಗಿನ ಜಾಗವನ್ನು ಲೀಟರಿನಲ್ಲಿ ಹೇಳುವ ರೂಢಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಬರುತ್ತದೆ. 40, 30, 15 ಸೆಂಟಿಮೀಟರಿನ ಚೀಲ ಅಂದರೆ 18 ಲೀಟರ್.

ದಿನದ ಕೆಲಸಕ್ಕೆ 15ರಿಂದ 20 ಲೀಟರ್ ಸಾಕು. ಲ್ಯಾಪ್‌ಟಾಪ್, ಡಬ್ಬಿ, ನೀರು, ಒಂದು ಜೊತೆ ಬಟ್ಟೆ ಹಿಡಿಯುತ್ತದೆ. ಸಂಜೆ ಸಂತೆ ಮಾಡಿಕೊಂಡು ಮನೆಗೆ ಹೋಗುವವರಿಗೆ ಇನ್ನೊಂದು ಖಾಲಿ ಚೀಲ ಮಡಚಿ ಒಳಗಿಟ್ಟರೆ ಆಯಿತು. ದೊಡ್ಡದೇ ಇರಲಿ ಅಂತ 30 ಲೀಟರಿನದು ತಂದರೆ ಒಂದು ವಾರದಲ್ಲಿ ಅದು ತುಂಬಿರುತ್ತದೆ. ಯಾಕೆ ತುಂಬಿತು ಅಂತ ಮಾತ್ರ ನಿಮಗೂ ಗೊತ್ತಾಗುವುದಿಲ್ಲ.

## ಕ್ಯಾರಿಯರ್ ಇದ್ದರೆ ಚೀಲ

ಮೊದಲು ಚೀಲ ಕೊಳ್ಳಲೋ, ಕ್ಯಾರಿಯರ್ ಹಾಕಿಸಲೋ?

ಕ್ಯಾರಿಯರ್. ಈ ತಪ್ಪು ಮಾಡಿದವರನ್ನು ಜಾಸ್ತಿ ನೋಡಿದ್ದೇನೆ. ಚಂದದ ಚೀಲ ತಂದು ಆಮೇಲೆ ಅದಕ್ಕೆ ತಕ್ಕ ಕ್ಯಾರಿಯರ್ ಹುಡುಕುತ್ತ ಓಡಾಡುತ್ತಾರೆ.

ನಿಮ್ಮ ಸೈಕಲ್ಲಿನ ಹಿಂದಿನ ಗಾಲಿಯ ಅಚ್ಚಿನ ಹತ್ತಿರ, ಸೀಟಿನ ಕೆಳಗೆ ಸಣ್ಣ ಬೋಲ್ಟಿನ ತೂತುಗಳಿವೆಯೇ ನೋಡಿ. ಇದ್ದರೆ ಅಲ್ಲಿಗೇ ಕ್ಯಾರಿಯರ್ ಕೂರುತ್ತದೆ. ಎಷ್ಟು ಕೆಜಿ ತಾಳುತ್ತದೆ ಎಂದು ಒಳ್ಳೆಯ ಕ್ಯಾರಿಯರ್ ಮೇಲೆ ಬರೆದಿರುತ್ತದೆ, 25 ಕೆಜಿಯದು ಇದ್ದರೆ ನಿಶ್ಚಿಂತೆ. ಡಿಸ್ಕ್ ಬ್ರೇಕ್ ಇದ್ದರೆ ಕ್ಯಾರಿಯರ್‌ನ ಕಾಲು ಬ್ರೇಕಿಗೆ ತಾಗದಂತೆ ಹೊರಕ್ಕೆ ಬಾಗಿದ್ದು ಬೇಕು.

ತೂತುಗಳೇ ಇಲ್ಲದ ಸೈಕಲ್‌ಗಳೂ ಇವೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಸೈಕ್ಲಿಂಗ್ ರೇಸಿನಲ್ಲಿ ಹೆಸರು ಮಾಡಿದವರು. ಅವರನ್ನು ನೋಡಿ ಹುರುಪಿನಿಂದ ರೇಸಿಂಗ್ ಸೈಕಲ್ ತಗೊಂಡು, ಈಗ ಅದರ ಮೇಲೆ ಬ್ಯಾಂಕಿಗೆ ಹೋಗುವವರು ನನಗೆ ಗೊತ್ತು. ಅಂಥ ಸೈಕಲ್ಲಿನ ಸೀಟಿನ ಪೈಪಿಗೆ ಬಿಗಿಯುವ ಕ್ಯಾರಿಯರ್ ಸಿಗುತ್ತದೆ. ಆದರೆ ಅದು ಹೆಚ್ಚೆಂದರೆ 9-10 ಕೆಜಿ ತಾಳುತ್ತದೆ, ಪಕ್ಕಕ್ಕೆ ತಿರುಗಲೂ ಬಹುದು. ಸೀಟಿನ ಪೈಪ್ ಕಾರ್ಬನ್ನಿನದಾಗಿದ್ದರೆ ಅದೂ ಬೇಡ, ಬಿಗಿದರೆ ಸೀಳಬಹುದು. ಅವರಿಗೆ ಬೆನ್ನ ಬ್ಯಾಗೇ ಗತಿ.

ನಂದು ಹಳೇ ಕಬ್ಬಿಣದ ಸೈಕಲ್. ಈಗಿನ ಸೈಡ್ ಬ್ಯಾಗ್ ಅದಕ್ಕ ಕೂಡ್ತದೇನು?

ಹಳೇ ಸೈಕಲ್ಲಿನ ಕ್ಯಾರಿಯರ್ ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಇಬ್ಬರನ್ನು ಕೂರಿಸಿಕೊಂಡು ಜಾತ್ರೆಗೆ ಹೋದ ಕ್ಯಾರಿಯರ್ ಅದು. ತೊಂದರೆ ಕೊಕ್ಕೆಯದು. ಅಂಗಡಿಯ ಸೈಡ್ ಬ್ಯಾಗಿನ ಕೊಕ್ಕೆಗಳು ಸಾಮಾನ್ಯವಾಗಿ 8ರಿಂದ 16 ಮಿಲಿಮೀಟರ್ ದಪ್ಪದ ದುಂಡು ಪೈಪಿಗೆ ಮಾಡಿದವು. ನಮ್ಮ ಹಳೇ ಕ್ಯಾರಿಯರ್‌ಗಳಲ್ಲಿ ಎಷ್ಟೋ ಕಡೆ ಚಪ್ಪಟೆ ಪಟ್ಟಿ ಇರುತ್ತದೆ, ಮೇಲಿನ ಸ್ಪ್ರಿಂಗ್ ಕ್ಲಿಪ್ ಅಡ್ಡ ಬರುತ್ತದೆ. ಕೊಕ್ಕೆ ಬಿಟ್ಟು, ಪಟ್ಟಿಯಿಂದ ಕಟ್ಟುವ ಜೋಡು ಚೀಲ ನೋಡಿ. ಕ್ಯಾರಿಯರ್ ಮೇಲೆ ಅಡ್ಡ ಹಾಕಿ ಎರಡೂ ಬದಿಗೆ ಇಳಿಬಿಡುವಂಥದ್ದು.

ಅದೂ ಬೇಡವೆಂದರೆ ಬ್ಯಾಗನ್ನು ಕ್ಯಾರಿಯರ್ ಮೇಲೆ ಮಲಗಿಸಿ ಹಳೇ ಸೈಕಲ್ ಟ್ಯೂಬ್ ಸೀಳಿದ ಪಟ್ಟಿಯಿಂದ ಬಿಗಿಯಿರಿ. ರಿಪೇರಿ ಅಂಗಡಿಯಲ್ಲಿ ಕೇಳಿದರೆ ಹರಿದ ಟ್ಯೂಬ್ ಸುಮ್ನೆ ಕೊಡುತ್ತಾರೆ. ಕೊಕ್ಕೆ ಇರುವ ಬಣ್ಣದ ರಬ್ಬರ್ ಹಗ್ಗಕ್ಕಿಂತ ನನಗೆ ಇದರ ಮೇಲೇ ನಂಬಿಕೆ. ಆ ಹಗ್ಗದ ಕೊಕ್ಕೆ ಕೈ ತಪ್ಪಿದರೆ ನೇರ ಕಣ್ಣಿಗೆ ಬರುತ್ತದೆ. ಪಟ್ಟಿಯ ತುದಿ ಮಾತ್ರ ಗಾಲಿಯ ಕಡೆ ಜೋತುಬೀಳದಂತೆ ಒಳಗೆ ಸಿಕ್ಕಿಸಿ.

ತುಳಿಯುವಾಗ ಹಿಮ್ಮಡಿ ಚೀಲಕ್ಕೆ ಬಡೀತಾ ಇದೆ. ಚೀಲ ಸರಿ ಇಲ್ವಾ?

ಚೀಲ ಸರಿ ಇದೆ, ಜಾಗ ಸರಿ ಇಲ್ಲ. ಗಿಡ್ಡ ಹಿಂಭಾಗದ ಸೈಕಲ್‌ಗಳಲ್ಲಿ, ದೊಡ್ಡ ಪಾದದವರಿಗೆ ಇದು ಆಗುತ್ತದೆ. ಕೊಕ್ಕೆಗಳ ಸ್ಕ್ರೂ ಸಡಿಲಿಸಿ ಚೀಲವನ್ನು ಹಿಂದಕ್ಕೆ ಸರಿಸಿ. ಕೆಳಗಿನ ಮೂಲೆ ಹಿಂದಕ್ಕೆ ಓರೆಯಾಗಿ ಕತ್ತರಿಸಿದಂತಿರುವ ಚೀಲಗಳು ಇರುವುದೇ ಇದಕ್ಕೆ. ಕೊಳ್ಳುವ ಮೊದಲು ಅಂಗಡಿ ಮುಂದೆ ಸೈಕಲ್ ನಿಲ್ಲಿಸಿ, ಚೀಲ ಹಾಕಿ, ಪೆಡಲ್ ಹಿಂದಕ್ಕೆ ತಿರುಗಿಸಿ ನೋಡಿಬಿಡಿ.

ಒಂದ ಬದಿಗೆ ಚೀಲ ಹಾಕಿದ್ರ ಸೈಕಲ್ ವಾಲೂದಿಲ್ಲೇನ್ರಿ?

5-6 ಕೆಜಿ ತನಕ ಎರಡು ದಿನ ಅನಿಸುತ್ತದೆ, ಮೂರನೇ ದಿನ ಮರೆತುಹೋಗುತ್ತದೆ. ಅದಕ್ಕಿಂತ ಹೆಚ್ಚಾದರೆ ಎರಡೂ ಕಡೆ ಹಂಚಿ. ಒಂದೇ ಚೀಲವಾದರೆ ನಾನು ಎಡಕ್ಕೆ ಹಾಕುತ್ತೇನೆ. ಚೈನು ಬಲಕ್ಕಿದೆ, ಅದರ ಎಣ್ಣೆ ಮಸಿ ಚೀಲಕ್ಕೆ ಹತ್ತುವುದಿಲ್ಲ. ಬಲಗಡೆಯಿಂದ ಹಾದುಹೋಗುವ ಗಾಡಿಗಳಿಗೂ ಅದು ದೂರ.

ತೊಂದರೆ ಇರುವುದು ನಿಲ್ಲಿಸುವಾಗ. ಒಂಟಿ ಕಾಲಿನ ಸ್ಟ್ಯಾಂಡ್ ಎಡಕ್ಕಿರುತ್ತದೆ, ಚೀಲವೂ ಎಡಕ್ಕಿದ್ದರೆ ಸೈಕಲ್ ಅದೇ ಕಡೆ ಮಗುಚಬಹುದು. ಮೊದಲು ಚೀಲ ಬಿಚ್ಚಿ, ಆಮೇಲೆ ಸ್ಟ್ಯಾಂಡ್ ಹಾಕಿ. ಹಳೇ ಜೋಡಿ ಕಾಲಿನ ಸ್ಟ್ಯಾಂಡ್ ಇದ್ದವರಿಗೆ ಈ ರಗಳೆ ಇಲ್ಲ.

ಎರಡು ಚೀಲದ ಮಾತು ಬಂದಾಗ ಊರೂ ನೋಡಬೇಕು. ಬಾಗಲಕೋಟೆಯ ನವನಗರ ಆಲಮಟ್ಟಿ ಹಿನ್ನೀರಿಗೆ ಜಾಗ ಬಿಟ್ಟವರಿಗಾಗಿ ಸೆಕ್ಟರ್ ಲೆಕ್ಕದಲ್ಲಿ ಕಟ್ಟಿದ ಊರು, ರಸ್ತೆ ಅಗಲ. ಅಲ್ಲಿ ಎರಡೂ ಕಡೆ ಚೀಲ ಉಬ್ಬಿಸಿಕೊಂಡು ಆರಾಮಾಗಿ ಹೋಗಬಹುದು. ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಸಂಜೆ ಆರು ಗಂಟೆಗೆ ಅದನ್ನು ಮಾಡಿದರೆ ಸೈಕಲ್ ಇಳಿದು ತಳ್ಳಬೇಕು. ತಳ್ಳುವಾಗಲೂ ನಾಲ್ಕು ಜನರ ಕೈಯಲ್ಲಿ ಬೈಸಿಕೊಳ್ಳಬೇಕು.

ಮಗಳು 8ನೇ ಕ್ಲಾಸು, ಸೈಕಲ್ ಮೇಲೆ ಶಾಲೆಗೆ ಹೋಗ್ತಾಳೆ. ಪಾಟಿಚೀಲ ಮುಂದಿನ ಬುಟ್ಟಿಯಲ್ಲಿ ಇಡಬಹುದಾ?

ಬುಟ್ಟಿ ಒಳ್ಳೆಯದೇ, ಆದರೆ 3 ಕೆಜಿ ತನಕ. ಅದು ಹ್ಯಾಂಡಲ್ ಜೊತೆ ತಿರುಗುತ್ತದೆ. ಭಾರ ಹೆಚ್ಚಿದರೆ ಹ್ಯಾಂಡಲ್ ತನ್ನಷ್ಟಕ್ಕೆ ಎಳೆಯುತ್ತದೆ, ಮಕ್ಕಳ ತೋಳಿಗೆ ಅದು ಕಷ್ಟ. ರಾಜ್ಯ ಸರ್ಕಾರ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗಿನಿಂದ ನಮ್ಮ ಹಳ್ಳಿ ರಸ್ತೆಗಳಲ್ಲಿ ಇದನ್ನು ನೋಡುತ್ತಲೇ ಬಂದಿದ್ದೇನೆ. ಬುಟ್ಟಿಯಲ್ಲಿ ಚೀಲ, ಚೀಲದ ಮೇಲೆ ಡಬ್ಬಿ, ಅದರ ಮೇಲೆ ಗೆಳತಿಯ ಚೀಲ.

ಕೇಂದ್ರದ 2020ರ ಶಾಲಾ ಚೀಲ ನೀತಿಯ ಪ್ರಕಾರ ಚೀಲದ ತೂಕ ಮಗುವಿನ ತೂಕದ ಶೇಕಡಾ 10 ಮೀರಬಾರದು. 40 ಕೆಜಿ ಹುಡುಗಿಗೆ 4 ಕೆಜಿ. ಅಷ್ಟಿದ್ದರೆ ಚೀಲ ಹಿಂದಿನ ಕ್ಯಾರಿಯರ್‌ಗೆ, ಡಬ್ಬಿ ಮತ್ತು ನೀರು ಬುಟ್ಟಿಗೆ. ದುಪಟ್ಟಾ ಗಾಲಿಗೆ ಸಿಗದಂತೆ ಗಂಟು ಹಾಕಿಕೊಳ್ಳಲು ಹೇಳಿ, ಚೀಲದ ಮಾತಿಗಿಂತ ಅದು ಮುಖ್ಯ.

## ಮಳೆ, ಬಿಸಿಲು, ಧೂಳು

ಬ್ಯಾಗ್ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿತ್ತು. ಜುಲೈನಲ್ಲಿ ಒಳಗಿನ ಕಾಗದ ಎಲ್ಲ ತೊಯ್ದು ತೊಪ್ಪೆ ಆಯ್ತು. ಯಾಕೆ?

ಬೆಳಗಾವಿಗೆ ಸ್ವಾಗತ. ಇಲ್ಲಿಯ ಮಳೆ ಅರ್ಧ ಗಂಟೆ ಹೊಡೆದು ನಿಲ್ಲುವುದಿಲ್ಲ. ಸಹ್ಯಾದ್ರಿ ಪಕ್ಕದಲ್ಲೇ ಇದೆ, ಜುಲೈನಲ್ಲಿ ದಿನಗಟ್ಟಲೆ ಜಿಟಿಜಿಟಿ. ಬಟ್ಟೆಗೆ ನೀರು ತಾಳುವ ಲೇಪ ಇದ್ದರೂ ಹೊಲಿಗೆಯ ತೂತಿನಿಂದ, ಜಿಪ್ಪಿನಿಂದ ನೀರು ಒಳಗೆ ಇಳಿಯುತ್ತದೆ. ಹೊಲಿಗೆ ಇಲ್ಲದೆ ಬಿಸಿಯಿಂದ ಬೆಸೆದ, ಬಾಯಿಯನ್ನು ಸುತ್ತಿ ಮುಚ್ಚುವ ಚೀಲ ಮಾತ್ರ ಈ ಮಳೆಗೆ ತಾಳುತ್ತದೆ. ಆ ಬಾಯನ್ನು ಕನಿಷ್ಠ ಮೂರು ಸುತ್ತು ಸುತ್ತಬೇಕು. ಒಂದೇ ಸುತ್ತಿಗೆ ಕ್ಲಿಪ್ ಹಾಕಿ ಕಂಪನಿಯನ್ನು ಬೈಯಬೇಡಿ.

ಚೀಲ ಎಷ್ಟು ನೀರು ತಡೆಯುತ್ತದೆ ಎಂದು ಹೇಳುವ ಐಪಿಎಕ್ಸ್ ಅಂಕಿ ಬರೆದಿದ್ದರೆ ನೋಡಿ. 4 ಅಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರಿಗೆ ಸರಿ. 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ಸರಿ. ನಮಗೆ 4 ಕಡಿಮೆ ಅನಿಸುತ್ತದೆ, 7 ಜಾಸ್ತಿ. ಅಂಕಿಯನ್ನೂ ನಂಬದವರು ಚೀಲದೊಳಗೆ ದಿನಪತ್ರಿಕೆ ಇಟ್ಟು, ಬಚ್ಚಲಲ್ಲಿ ಷವರ್ ಕೆಳಗೆ 10 ನಿಮಿಷ ಬಿಡಿ. ಪತ್ರಿಕೆ ಒಣಗಿದ್ದರೆ ಚೀಲ ಪಾಸು.

ಮೇಲಿನಿಂದ ತೊಡಿಸುವ ಮಳೆ ಕವರ್ ಅರ್ಧ ಕೆಲಸ ಮಾಡುತ್ತದೆ. ಅದರ ಹಿಂಬದಿ ತೆರೆದಿರುತ್ತದೆ, ಗಾಲಿ ಸಿಡಿಸುವ ಕೆಸರು ಬರುವುದು ಅಲ್ಲಿಂದಲೇ. ಮಡ್‌ಗಾರ್ಡ್ ಇಲ್ಲದ ಸೈಕಲ್ ಆದರಂತೂ ಕವರ್ ಬರೀ ಸಮಾಧಾನಕ್ಕೆ.

ಅಗ್ಗದ ದಾರಿ ಬೇಕೆ? ಯಾವ ಚೀಲವಾದರೂ ಇರಲಿ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಸಾಮಾನು ಅದರೊಳಗೆ ಇಟ್ಟು ಬಾಯಿ ಸುತ್ತಿ. ಹೊರಚೀಲ ನೆನೆಯಲಿ ಬಿಡಿ. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ನಾಟಿ ಮಾಡಿದವರ ಮೊಮ್ಮಕ್ಕಳು ನಾವು, ಇದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ವಿಜಯಪುರದ ಬಿಸಿಲಿಗೆ ಯಾವ ಬ್ಯಾಗ್ ಒಳ್ಳೇದು? ಆಫೀಸ್ ಮುಟ್ಟೂದ್ರಾಗ ಅಂಗಿ ಬೆನ್ನಿಗೆ ಅಂಟಿರ್ತದ.

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬೆನ್ನಿಗೆ ಅಂಟುವ ಯಾವ ಬ್ಯಾಗೂ ಒಳ್ಳೆಯದಲ್ಲ. ಬೆನ್ನಿಗೂ ಬ್ಯಾಗಿಗೂ ನಡುವೆ ಜಾಳಿಗೆ ಇರುವವು ಸಿಗುತ್ತವೆ, ಸ್ವಲ್ಪ ಗಾಳಿ ಆಡುತ್ತದೆ, ಅಷ್ಟೇ. ಚೀಲ ಕ್ಯಾರಿಯರ್‌ಗೆ ಹೋದರೆ ಬೆವರು ಗಾಳಿಗೆ ಆರುತ್ತದೆ. ನಾನು ಬೆನ್ನ ಬ್ಯಾಗ್ ಬಿಟ್ಟಿದ್ದೇ ಗೋಳಗುಮ್ಮಟದ ರಸ್ತೆಯ ಒಂದು ಮೇ ತಿಂಗಳಲ್ಲಿ.

ತಿಳಿ ಬಣ್ಣದ ಚೀಲ ತಗೊಳ್ಳಿ. ಪವರ್ ಬ್ಯಾಂಕನ್ನು ಚೀಲದಲ್ಲೇ ಬಿಟ್ಟು ಸೈಕಲ್ಲನ್ನು ಬಿಸಿಲಿಗೆ ನಿಲ್ಲಿಸಬೇಡಿ, ಲಿಥಿಯಂ ಬ್ಯಾಟರಿಗೆ ಕಾವು ಆಗುವುದಿಲ್ಲ. ನೀರಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಹೊರಗಿನ ಜೇಬಿನಲ್ಲಿಡಿ. ಒಣ ಗಾಳಿಗೆ ಬಟ್ಟೆ ಆರುತ್ತಾ ನೀರು ತಂಪಾಗಿ ಉಳಿಯುತ್ತದೆ.

ಜಿಪ್ ವರ್ಷಕ್ಕೊಮ್ಮೆ ಕೆಡುತ್ತೆ. ಒಳ್ಳೆ ಜಿಪ್ ಯಾವುದು?

ಎರೆ ಮಣ್ಣಿನ ಧೂಳಿಗೆ ಯಾವ ಜಿಪ್ಪಾದರೂ ಸೋಲುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಹಲ್ಲುಗಳ ನಡುವಿನ ಮಣ್ಣು ತೆಗೆದು, ಮೇಣದ ಬತ್ತಿ ಉಜ್ಜಿ. ಎಣ್ಣೆ ಹಾಕಬೇಡಿ, ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಕೆಟ್ಟರೂ ಚೀಲ ಎಸೆಯಬೇಡಿ. ಬಹಳ ಸಲ ಕೆಟ್ಟಿರುವುದು ಎಳೆಯುವ ರನ್ನರ್ ಮಾತ್ರ, ಬ್ಯಾಗ್ ರಿಪೇರಿಯವರು ಐದು ನಿಮಿಷದಲ್ಲಿ ಬದಲಿಸುತ್ತಾರೆ.

ಮಳೆಗಾಲ ಮುಗಿಯೋದ್ರೊಳಗೆ ಚೀಲ ಬೂಷ್ಟು ಹಿಡೀತದೆ.

ಮನೆಗೆ ಬಂದ ಕೂಡಲೇ ಬಾಯಿ ತೆರೆದು ತಲೆಕೆಳಗಾಗಿ ತೂಗುಹಾಕಿ. ವಾಷಿಂಗ್ ಮಷಿನ್ನಿಗೆ ಹಾಕಬೇಡಿ, ಲೇಪ ಕಿತ್ತು ಬರುತ್ತದೆ.

## ಇನ್ನೂ ಒಳಹೊಕ್ಕು ಕೇಳುವವರಿಗೆ

ಕ್ಯಾರಿಯರ್ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ನಮ್ಮ ರಸ್ತೆಯ ತಗ್ಗಿಗೆ ಹಾಳಾಗಲ್ವಾ?

ನ್ಯಾಯವಾದ ಭಯ. ನಿಮ್ಮ ಮೈ ಒಂದು ಸ್ಪ್ರಿಂಗ್ ಇದ್ದಂತೆ, ಬೆನ್ನ ಮೇಲಿನ ಲ್ಯಾಪ್‌ಟಾಪಿಗೆ ಪೆಟ್ಟು ಕಡಿಮೆ. ಕ್ಯಾರಿಯರ್‌ಗೆ ಗಾಲಿಯ ಪೆಟ್ಟು ನೇರ ಬರುತ್ತದೆ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೇ ಲ್ಯಾಪ್‌ಟಾಪ್ ಆದರೆ ಪೂರ್ತಿ ಬಂದ್ ಮಾಡಿಯೇ ಚೀಲಕ್ಕೆ ಹಾಕಿ. ಎಸ್‌ಎಸ್‌ಡಿ ಇರುವುದಕ್ಕೆ ತಿರುಗುವ ಭಾಗವಿಲ್ಲ, ಅಷ್ಟು ಭಯ ಬೇಡ.

ಲ್ಯಾಪ್‌ಟಾಪ್ ನಿಂತಿರಬೇಕು, ಮಲಗಿರಬಾರದು. ಚೀಲದ ತಳಕ್ಕೆ ತಾಗಬಾರದು, ಕೆಳಗೆ 3-4 ಸೆಂಟಿಮೀಟರ್ ಮೆತ್ತೆ ಇರಬೇಕು. ನಾನು ತಳದಲ್ಲಿ ಮಡಚಿದ ಟವೆಲ್ ಹಾಕುತ್ತೇನೆ, ಆಫೀಸಿನಲ್ಲಿ ಮುಖ ತೊಳೆಯಲಿಕ್ಕೂ ಆಯಿತು. ಡಬ್ಬಿ, ಬೀಗ ಅದರ ಪರದೆಯ ಕಡೆ ಒತ್ತದಂತೆ ಬೇರೆ ಖಾನೆಯಲ್ಲಿರಲಿ. ಕೊಕ್ಕೆ ಪೈಪಿನ ಮೇಲೆ ಸಡಿಲವಿದ್ದು ಕಟಕಟ ಅನ್ನುತ್ತಿದ್ದರೆ ನಡುವೆ ರಬ್ಬರ್ ತುಂಡು ಇಡಿ. ಆ ಸದ್ದೇ ಪೆಟ್ಟು. ಟೈರಿನ ಗಾಳಿ ಕಲ್ಲಿನಂತೆ ಬಿಗಿ ಇದ್ದರೆ ಸ್ವಲ್ಪ ಇಳಿಸಿ, ಯಾವ ಮೆತ್ತೆಗಿಂತಲೂ ಅದು ಹೆಚ್ಚು ಕೆಲಸ ಮಾಡುತ್ತದೆ.

600ಡಿ, 1000ಡಿ ಅಂತ ಬರೆದಿರ್ತಾರಲ್ಲ, ಏನದು?

ಡಿ ಅಂದರೆ ಡೆನಿಯರ್. 9000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಅಂಕಿ ಹೆಚ್ಚಿದ್ದರೆ ನೂಲು ದಪ್ಪ. ಇಳಕಲ್ ಸೀರೆ ಕೈಯಲ್ಲಿ ಹಿಡಿದು ನೂಲಿನ ಮಾತಾಡುವ ಮನೆಯವರಿಗೆ ಇದು ಬೇಗ ತಿಳಿಯುತ್ತದೆ. ದಿನದ ಓಡಾಟಕ್ಕೆ 600 ಸಾಕು. ಆದರೆ ನೂಲು ದಪ್ಪ ಇದ್ದ ಮಾತ್ರಕ್ಕೆ ಚೀಲ ಬಾಳುವುದಿಲ್ಲ. ಹರಿಯುವುದು ಯಾವಾಗಲೂ ಪಟ್ಟಿ ಹೊಲಿದ ಜಾಗ, ಕೊಕ್ಕೆ ಕೂರುವ ಜಾಗ. ಅಂಗಡಿಯಲ್ಲಿ ಅಲ್ಲಿಗೇ ಬೆರಳಿಟ್ಟು ಎಳೆದು ನೋಡಿ.

ವಿದೇಶಿ ಚೀಲದ ಜೋಡಿಗೆ ಐದಂಕಿ ರೇಟ್ ಹೇಳ್ತಾರ. ಇಲ್ಲೇ ಹೊಲಿಸಾಕ ಬರೂದಿಲ್ಲೇನು?

ಬರುತ್ತದೆ. ನನ್ನ ಈಗಿನ ಚೀಲ ಹೊಲಿದವರು ಮೋಟರ್‌ಸೈಕಲ್ ಸೀಟ್ ಕವರ್ ಹೊಲಿಯುವವರು. ರೆಕ್ಸಿನ್ ಅಥವಾ ದಪ್ಪ ತಾಡಪತ್ರಿ ಅವರ ಬಳಿಯೇ ಇರುತ್ತದೆ, ಅದಕ್ಕೆ ಬೇಕಾದ ದಪ್ಪ ಸೂಜಿಯ ಮಷಿನ್ನೂ ಇರುತ್ತದೆ. ಅಳತೆ ಬರೆದು ಕೊಡಿ: ಅಗಲ 30, ಎತ್ತರ 38, ದಪ್ಪ 15 ಸೆಂಟಿಮೀಟರ್. ಬಾಯಿ ಸುತ್ತಿ ಮುಚ್ಚಬೇಕಾದರೆ ಎತ್ತರಕ್ಕೆ ಇನ್ನೂ 20 ಸೇರಿಸಿ. ಗಾಲಿಯ ಕಡೆಯ ಗೋಡೆಗೆ ಗಟ್ಟಿ ಹಲಗೆ ಬೇಕೇಬೇಕು, ಇಲ್ಲದಿದ್ದರೆ ಚೀಲ ಉಬ್ಬಿ ಕಡ್ಡಿಗೆ ತಾಗುತ್ತದೆ. ನಾನು ಹಳೇ ಸೂಟ್‌ಕೇಸಿನ ಮುಚ್ಚಳ ಕತ್ತರಿಸಿ ಕೊಟ್ಟೆ. ಆ ಹಲಗೆಗೇ ಎರಡು ಕೊಕ್ಕೆ ಬೋಲ್ಟ್ ಮಾಡಿಸಿ, ಕೆಳಗೆ ಒಂದು ರಬ್ಬರ್ ಪಟ್ಟಿ, ಕ್ಯಾರಿಯರ್‌ನ ಕಾಲಿಗೆ ಸಿಕ್ಕಿಸಲು. ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ. ಚೀಲ ಕೆಂಪು ರಿಫ್ಲೆಕ್ಟರ್ ಮುಚ್ಚುತ್ತದೆಯೇ ಅಂತಲೂ ನೋಡಿ.

ಮೊದಲ ಚೀಲದಲ್ಲಿ ಹಲಗೆ ಹಾಕಿಸಿರಲಿಲ್ಲ. ಎರಡನೆಯದರಲ್ಲಿ ಕೊಕ್ಕೆ ತೀರ ಕೆಳಗಾಯಿತು, ಚೀಲ ಓಲಾಡುತ್ತಿತ್ತು. ಈಗಿನದು ಮೂರನೆಯದು, ಮೂರು ಮಳೆಗಾಲ ಕಂಡಿದೆ.

ಸೈಕಲ್ ನಿಲ್ಲಿಸಿ ಅಂಗಡಿಗೆ ಹೋದಾಗ ಚೀಲ ಅಲ್ಲೇ ಬಿಡಬಹುದಾ?

ಬೇಡ. ಹಿಡಿಕೆ ಇರುವ, ಒಂದೇ ಕೈಯಲ್ಲಿ ಬಿಚ್ಚಲು ಬರುವ ಚೀಲ ತಗೊಂಡರೆ ಈ ಪ್ರಶ್ನೆಯೇ ಬರುವುದಿಲ್ಲ.

ಎಲ್ಲಾ ಸರಿ, ಖಡಕ್ ರೊಟ್ಟಿ ಹೆಂಗ ಒಯ್ಯೂದು? ಮುಟ್ಟೂದ್ರಾಗ ಪುಡಿ ಆಗಿರ್ತದ.

ಲ್ಯಾಪ್‌ಟಾಪಿಗಿಂತ ಕಷ್ಟದ ಪ್ರಶ್ನೆ ಇದು. ರೊಟ್ಟಿ ಡಬ್ಬಿಗಿಂತ ಅಗಲ, ಬೆನ್ನ ಬ್ಯಾಗಿನಲ್ಲಿ ಬಾಗುತ್ತದೆ, ಬಾಗಿದರೆ ಮುರಿಯುತ್ತದೆ. ಸೈಡ್ ಬ್ಯಾಗಿನ ಹಲಗೆ ಇಲ್ಲಿ ಉಪಕಾರಕ್ಕೆ ಬರುತ್ತದೆ. ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಆಚೆ ಈಚೆ ಎರಡು ರಟ್ಟು ಕೊಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ. ಆ ಕಟ್ಟನ್ನು ಹಲಗೆಗೆ ಒರಗಿಸಿ ನಿಲ್ಲಿಸಿ. ಸಡಿಲ ಇರಬಾರದು. ರೊಟ್ಟಿ ಪುಡಿಯಾಗುವುದು ತಗ್ಗಿಗಿಂತ ಹೆಚ್ಚಾಗಿ ಒಂದಕ್ಕೊಂದು ಬಡಿದು. ಎಣ್ಣೆಗಾಯಿ, ಮೊಸರಿನ ಡಬ್ಬಿ ಬೇರೆ ಖಾನೆಯಲ್ಲಿ, ತಳದಲ್ಲಿ, ನೆಟ್ಟಗೆ.

ಇಷ್ಟು ಮಾಡಿದರೂ ಒಂದೆರಡು ಮುರಿಯುತ್ತವೆ. ಅವನ್ನು ಇನ್ನಷ್ಟು ಮುರಿದು, ಮೊಸರು ಮತ್ತು ಶೇಂಗಾ ಚಟ್ನಿ ಹಾಕಿ ಕಲಸಿ ತಿನ್ನಿ.